ಹೆತ್ತ ಮೈಗೆ ನೀರು

ಮಗಳು ಸಿಂಧೂರಳ ಡಬ್ಬಿಗೆಂದು ಚಪಾತಿ ಲಟ್ಟಿಸುತ್ತಿದ್ದೆ. ಅವ್ವ ಹಿಂದಿನಿಂದ ಬಂದು ನನ್ನ ಕೈಯಲ್ಲಿದ್ದ ಲಟ್ಟಣಿಗೆಯನ್ನು ತೆಗೆದುಕೊಂಡಳು. ಗದಗಿನಿಂದ ಹಿಂದಿನ ಸಂಜೆಯಷ್ಟೇ ಬಂದಿಳಿದಿದ್ದಳು. ಕಣ್ಣಿನ ಸುತ್ತ ಇನ್ನೂ ವಿಮಾನದ ನಿದ್ದೆಗೇಡಿತ್ತು.

"ಸರಿ ಆಕಡೆ," ಅಂದಳು. "ಬಾಣಂತಿ ಲಟ್ಟಣಗಿ ಹಿಡಿಯಂಗಿಲ್ಲ."

ಮೇಜಿನ ಬಳಿ ಸೀರಿಯಲ್ ತಿನ್ನುತ್ತಿದ್ದ ಸಿಂಧೂರಳ ಚಮಚ ಬಟ್ಟಲಲ್ಲೇ ನಿಂತಿತು. ನನ್ನ ಗಂಡ ಇಂದುಧರ ಕಾಫಿ ಲೋಟ ಹಿಡಿದು ಕಿಟಕಿಯ ಕಡೆ ತಿರುಗಿಬಿಟ್ಟ.

ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಿರಲಿಲ್ಲ. ಆಸ್ಪತ್ರೆಯವರು ಪೇಶಂಟ್ ಎಂದಿದ್ದರು, ಆಫೀಸಿನವರು ಮೆಡಿಕಲ್ ಲೀವ್ ಎಂದಿದ್ದರು. ಅಡುಗೆ ಮಾಡಿ ತಂದುಕೊಟ್ಟ ಗೆಳತಿಯರು ಏನೂ ಅನ್ನದೆ ಡಬ್ಬಿಗಳನ್ನು ಬಾಗಿಲ ಬಳಿ ಇಟ್ಟು ಹೋಗಿದ್ದರು. ನನಗೆ ಹೆರಿಗೆಯಾಗಿತ್ತು. ಗಂಡುಮಗು. ಎಂಟು ತಿಂಗಳು ತುಂಬಿದ ಮೇಲೆ ಒಂದು ದಿನ ಒದೆಯುವುದನ್ನು ನಿಲ್ಲಿಸಿದ್ದ, ಉಸಿರಿಲ್ಲದೆ ಹುಟ್ಟಿದ್ದ. ಮೈಗೆ ಮಾತ್ರ ಅದು ತಿಳಿಯಲಿಲ್ಲ. ಮನೆಗೆ ಬಂದ ಮೇಲೆ ಹಾಲು ಬಂತು. ಎದೆಗೆ ಬಟ್ಟೆ ಬಿಗಿದುಕೊಂಡು ಪಾತ್ರೆ ತೊಳೆದೆ, ಬಟ್ಟೆ ಮಡಚಿದೆ, ಡಬ್ಬಿ ಕಟ್ಟಿದೆ.

"ಯವ್ವಾ, ಹುಡುಗಿ ಮುಂದ ಬ್ಯಾಡ," ಎಂದೆ ಮೆಲ್ಲಗೆ.

"ಯಾಕ? ತಾಯಿ ಹಡದಾಳಂತ ಆಕಿಗೆ ಗೊತ್ತಿಲ್ಲೇನು?"

"ಐಯಾಮ್ ಡನ್," ಎಂದು ಸಿಂಧೂರ ಎದ್ದಳು. ಅರ್ಧ ತುಂಬಿದ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು, ಚೆಲ್ಲದಂತೆ ನಡೆದು, ಸಿಂಕಿನಲ್ಲಿಟ್ಟು, ಶೂ ಹಾಕಿಕೊಳ್ಳಲು ಹೋದಳು.

ಅವಳಿಗೆ ಆರು ವರ್ಷ. ಕಾರಿನಲ್ಲಿ ಕೂತರೆ ಇಳಿಯುವವರೆಗೂ ಪ್ರಶ್ನೆ ಕೇಳುವ ಹುಡುಗಿ. ಆದರೆ ನಾನು ಆಸ್ಪತ್ರೆಯಿಂದ ಬಂದಾಗಿನಿಂದ ಪಾಪುವಿನ ಬಗ್ಗೆ ಒಂದೂ ಕೇಳಿರಲಿಲ್ಲ. ನನ್ನನ್ನು ಕರೆತರಲು ಬಂದ ಕಾರಿನಲ್ಲಿ ಪಾಪುವಿಗೆಂದು ಕೂರಿಸಿದ್ದ ಸೀಟು ಹಾಗೇ ಇತ್ತು, ತೆಗೆಯುವುದು ಇಂದುಧರನಿಗೆ ಹೊಳೆದಿರಲಿಲ್ಲ. ಸಿಂಧೂರ ಅದನ್ನು ನೋಡಿದಳು. ತನ್ನ ಸ್ಕೂಲ್ ಬ್ಯಾಗನ್ನು ಅದರಲ್ಲಿಟ್ಟು ಬೆಲ್ಟ್ ಹಾಕಿ, ಪಕ್ಕದಲ್ಲಿ ಕೂತು, ಪೋರ್ಟರ್ ರ್ಯಾಂಚಿನ ನಮ್ಮ ಮನೆಯ ಏರು ಹತ್ತುವವರೆಗೂ ಹೊರಗೆ ನೋಡುತ್ತಿದ್ದಳು.

ಆಸ್ಪತ್ರೆಯ ಕೌನ್ಸೆಲರ್ ಹೇಳಿದ್ದು ನನಗೆ ಬಾಯಿಪಾಠವಾಗಿತ್ತು. ಪಾಪು ಸತ್ತಿದೆ ಎಂದು ಒಮ್ಮೆ ನೇರವಾಗಿ ಹೇಳಿ. ನಿದ್ದೆ ಮಾಡುತ್ತಿದೆ, ದೇವರ ಹತ್ತಿರ ಹೋಗಿದೆ ಎಂದೆಲ್ಲ ಹೇಳಬೇಡಿ. ಆಮೇಲೆ ಅವಳೇ ಕೇಳಲಿ, ಕಾಯಿರಿ. ನಾನು ಹೇಳಿದ್ದೆ. ಅವಳು "ಓಕೆ" ಎಂದಿದ್ದಳು. ಅಂದಿನಿಂದ ಕಾಯುತ್ತಿದ್ದೆ. ಯಾಕೆ ಸತ್ತಿತು, ಈಗ ಎಲ್ಲಿದೆ, ಮತ್ತೆ ಬರುತ್ತದಾ, ನಾನೂ ಸಾಯುತ್ತೇನಾ? ಒಂದೊಂದಕ್ಕೂ ಉತ್ತರ ಹೊಂದಿಸಿಟ್ಟುಕೊಂಡಿದ್ದೆ. ಕೇಳಲಿ ಎಂದೂ ಇತ್ತು, ಕೇಳಿಬಿಟ್ಟರೆ ಎಂಬ ಅಳುಕೂ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಎಂದೂ ಕೇಳದೆ ಇದನ್ನು ಒಳಗೇ ಇಟ್ಟುಕೊಂಡು ದೊಡ್ಡವಳಾಗಿಬಿಟ್ಟರೆ ಎಂದು ಹೆದರಿಕೆಯಾಗುತ್ತಿತ್ತು.

ಅವ್ವ ಚಪಾತಿ ತಿರುವಿ ಹಾಕುತ್ತ ಕಿಟಕಿಯಾಚೆ ನೋಡಿದಳು. "ಅದೇನ ಅಲ್ಲಿ, ನೀಲಿ ತಾಡಪತ್ರಿ ಹೊಚ್ಚಿದ್ದು?"

ಇಂದುಧರ ಕಿಟಕಿಯಿಂದ ಈಚೆ ಸರಿದ. ನಾನೇ ಹೇಳಬೇಕಾಯಿತು.

ಅದು ಹಿತ್ತಲ ಬಚ್ಚಲು, ಅವ್ವನಿಗಾಗಿಯೇ ಶುರುವಾದದ್ದು. ಸಿಂಧೂರ ಹುಟ್ಟಿದಾಗ ನಾವು ನಾರ್ತ್‌ರಿಡ್ಜಿನ ಅಪಾರ್ಟ್‌ಮೆಂಟಿನಲ್ಲಿದ್ದೆವು. ಅಲ್ಲಿಯ ಟಬ್ಬಿನ ಅಂಚಿನ ಮೇಲೆ ಒಂದು ಕಾಲಿಟ್ಟು ಬಗ್ಗಿ ನನಗೆ ನೀರು ಹಾಕುತ್ತಿದ್ದ ಅವ್ವ ಒಂದು ದಿನ ಎಣ್ಣೆಯಲ್ಲಿ ಜಾರಿ ಭುಜ ಮುರಿದುಕೊಂಡಳು. ಬಲಗೈ ಇಂದಿಗೂ ತಲೆಯ ಮೇಲಕ್ಕೆ ಹೋಗುವುದಿಲ್ಲ. ಈ ಸಲ ಹಾಗಾಗಬಾರದೆಂದು ಇಂದುಧರ ಜೂನ್‌ನಲ್ಲೇ ಹಿತ್ತಲಲ್ಲಿ ಕೆಲಸ ಹಿಡಿದ. ನೆಲ ಅಗೆದು ಜಲ್ಲಿ ತುಂಬಿದ. ನೀರು ಜಲ್ಲಿಯೊಳಗೆ ಇಂಗಿ ನಿಂಬೆಗಿಡಕ್ಕೆ ಹೋಗುವಂತೆ ಇಳಿಜಾರು ಕೊಟ್ಟ. ಮೇಲೆ ದೇವದಾರಿನ ಹಲಗೆ, ನಾಲ್ಕು ಮರದ ಕಂಬ, ಕಂಬಗಳ ಮೇಲೆ ಒಂದು ಡ್ರಮ್ಮು. ಹೋಸ್‌ನಿಂದ ಡ್ರಮ್ಮು ತುಂಬುವುದು, ಬಿಸಿಲಿಗೆ ನೀರು ಕಾಯುವುದು, ಕೆಳಗಿನ ದಪ್ಪ ಪೈಪಿನ ನಲ್ಲಿ ತಿರುಗಿಸಿದರೆ ತಂಬಿಗೆಯಿಂದ ಸುರಿದಂತೆ ದಬದಬ ಬೀಳುವುದು. ಕರೆಂಟಿಲ್ಲ, ಗ್ಯಾಸಿಲ್ಲ, ಅವ್ವ ಕೈ ಎತ್ತಬೇಕಾಗಿಲ್ಲ. ಅವಳು ಕೂತು ಕಾಲು ಚಾಚಿ ಮಗುವನ್ನು ಕಾಲ ಮೇಲೆ ಹಾಕಿಕೊಳ್ಳಲು ಪಕ್ಕದಲ್ಲಿ ಒಂದು ತಗ್ಗಿನ ಹಲಗೆ. ಡ್ರಮ್ಮು ತರಲು ಸ್ಯಾನ್ ಡಿಯಾಗೋದವರೆಗೆ ಹೋಗಿದ್ದೆವು. ಇಂದುಧರನ ಗೆಳೆಯ ಅರವಿಂದ ಅಲ್ಲಿಯ ಕಾರ್ಮೆಲ್ ವ್ಯಾಲಿಯಲ್ಲಿದ್ದಾನೆ. ಸಮುದ್ರದಿಂದ ಬಂದ ಮಕ್ಕಳ ಮರಳು ತೊಳೆಯಲು ಇಂಥದ್ದೇ ಮಾಡಿಕೊಂಡು, ಒಂದು ಡ್ರಮ್ಮು ಮಿಗಿಸಿಕೊಂಡಿದ್ದ.

ಹಲಗೆ ಕೂರಿಸುವುದು, ಪೈಪು ಜೋಡಿಸುವುದು ಉಳಿದಿತ್ತು. ಅಷ್ಟರಲ್ಲಿ ಸೆಪ್ಟೆಂಬರ್ ಬಂತು. ಆಸ್ಪತ್ರೆಯಿಂದ ಬಂದ ಮರುದಿನ ಇಂದುಧರ ಅದರ ಮೇಲೆ ತಾಡಪತ್ರಿ ಹೊದಿಸಿದ. ಹಿತ್ತಲ ಬಾಗಿಲು ತೆಗೆಯುವುದನ್ನೇ ಬಿಟ್ಟ.

"ಬಿಚ್ಚಿ ಹಾಕ್ಬೇಕು ಅಂತಿದೀನಿ ಅತ್ತೆ," ಎಂದ ಈಗ. "ಇನ್ನು ಅದು ಯಾಕೆ. ಒಳಗೆ ಬಿಸಿನೀರಿದೆ."

ಅವ್ವ ಒಲೆ ಸಣ್ಣಗೆ ಮಾಡಿದಳು. ಅಳಿಯನ ಮುಂದೆ ದನಿ ಏರಿಸಿದ್ದನ್ನು ನಾನು ನೋಡಿಲ್ಲ, ಅಂದೂ ಏರಿಸಲಿಲ್ಲ.

"ಅಳಿಯಾರ, ನಾ ಬಂದಿದ್ದು ಕೂಸಿಗೆ ಒಂದ ಅಲ್ರಿ. ನನ್ನ ಮಗಳು ಹಡದಾಳ. ಕೂಸ ಉಳದ್ರೂ ಹೆತ್ತ ಮೈ ಹೆತ್ತ ಮೈನ, ಉಳೀಲಿಲ್ಲಂದ್ರೂ ಹೆತ್ತ ಮೈನ. ಎಲುಬಿಗೆ ಬಿಸಿನೀರ ಬೀಳಬೇಕ. ಇಲ್ಲಂದ್ರ ನಾಳೆ ನಡ ಹಿಡಿತೈತಿ, ತಲಿ ಹಿಡಿತೈತಿ. ಟಬ್ಬಿನಾಗ ನಾ ಮತ್ತ ಇಳಿಯಂಗಿಲ್ಲ. ನೀವು ಅದನ್ನ ಮುಗಸ್ರಿ."

"ನಂಗೆ ಆಗಲ್ಲ ಅತ್ತೆ."

"ಆಗ್ತೈತಿ."

ಅವನು ಲೋಟ ತೊಳೆದಿಟ್ಟು ಎಲ್ ಸೆಗುಂಡೋಗೆ ಕೆಲಸಕ್ಕೆ ಹೊರಟುಹೋದ. ಗರಾಜಿನ ಬಾಗಿಲು ಮುಚ್ಚಿದ ಸದ್ದಾದ ಮೇಲೆ ಅವ್ವ ನನ್ನ ಕಡೆ ತಿರುಗಿದಳು. "ನಾ ಭಾಳ ಅಂದ್ನೇನ?"

"ಇಲ್ಲಬೇ," ಎಂದೆ. ಬಾಣಂತಿ ಎಂಬ ಮಾತು ಇನ್ನೂ ಕಿವಿಯಲ್ಲಿತ್ತು. ನಾನು ಏನು ಎಂಬುದಕ್ಕೆ ಯಾರೋ ಒಂದು ಹೆಸರು ಕೊಟ್ಟಿದ್ದರು.

ಶನಿವಾರ ಬೆಳಿಗ್ಗೆ ಬಟ್ಟೆ ಮಷಿನ್ನಿಗೆ ಹಾಕುತ್ತಿದ್ದಾಗ ತಾಡಪತ್ರಿ ಎಳೆದ ಸದ್ದು ಕೇಳಿತು. ಇಂದುಧರ ಅದನ್ನು ನಾಲ್ಕಾಗಿ ಮಡಚಿ ಗೋಡೆಗೊರಗಿಸಿದ. ಬೇಸಿಗೆಯ ಧೂಳು ಕುಳಿತ ಹಲಗೆಗಳನ್ನು ಬಟ್ಟೆಯಿಂದ ಒರೆಸಿದ. ತಗ್ಗಿನ ಹಲಗೆಯನ್ನು ಒರೆಸಿದ ಮೇಲೂ ಬಹಳ ಹೊತ್ತು ಅದರ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ನಾನು ಹೋಗಲಿಲ್ಲ. ಸಿಂಧೂರ ಹೋದಳು.

"ಅಪ್ಪಾ, ಕ್ಯಾನ್ ಐ ಹೆಲ್ಪ್?"

"ಬಾ. ಈ ಕಲ್ಲಲ್ಲಿರೋ ಎಲೆ ಎಲ್ಲಾ ಆರಿಸು."

ಅಂದು ಇಡೀ ದಿನ ಅವಳ ದನಿ ಹಿತ್ತಲಿನಿಂದ ಕೇಳುತ್ತಲೇ ಇತ್ತು. ಡ್ರಮ್ಮು ನೀಲಿ ಇತ್ತಲ್ಲ, ಕಪ್ಪು ಪೇಂಟ್ ಯಾಕೆ? ನೀರು ಕಲ್ಲಿನ ಕೆಳಗೆ ಎಲ್ಲಿಗೆ ಹೋಗುತ್ತೆ? ನಿಂಬೆಗಿಡಕ್ಕೆ ಸೋಪು ಅಂದರೆ ಇಷ್ಟವಾ? ಸ್ಕ್ರೂ ಯಾಕೆ ತಿರುಗಬೇಕು, ಮೊಳೆ ಯಾಕೆ ತಿರುಗಲ್ಲ? ಇಂದುಧರ ಪ್ರತಿಯೊಂದಕ್ಕೂ ಉತ್ತರ ಹೇಳಿದ. ಅವಳು ಇಂಗ್ಲಿಷಿನಲ್ಲಿ ಕೇಳುವುದು, ಅವನು ಕನ್ನಡದಲ್ಲಿ ಹೇಳುವುದು. ನಾನು ಕಿಟಕಿಯ ಹತ್ತಿರ ಮೆಂತ್ಯ ಬಿಡಿಸುತ್ತ ಕೂತು ಕೇಳಿಸಿಕೊಂಡೆ. ಆ ತಗ್ಗಿನ ಹಲಗೆ ಯಾರಿಗೆ ಎಂದು ಮಾತ್ರ ಅವಳು ಕೇಳಲಿಲ್ಲ. ಅದರ ಸುತ್ತ ಬಿದ್ದ ಎಲೆಗಳನ್ನು ಆರಿಸಿದಳು, ಅದನ್ನು ದಾಟುವಾಗ ಕಾಲೆತ್ತಿ ದಾಟಿದಳು.

ಅವ್ವ ಡ್ರಮ್ಮಿನ ಬಾಯಿಗೆ ಮೂಗಿಟ್ಟು ನೋಡಿದಳು. "ಇದರಾಗ ಉಪ್ಪಿನಕಾಯಿ ಇಟ್ಟಿದ್ರೇನ್ರಿ?"

"ಹೌದತ್ತೆ. ಯಾವುದೋ ಫ್ಯಾಕ್ಟರಿದು. ಅರವಿಂದ ನಾಲ್ಕು ಸಲ ತೊಳ್ದಿದಾನೆ."

"ಐದನೇದ್ದು ನಾ ತೊಳಿತೀನಿ. ಬಾಣಂತಿ ಉಪ್ಪಿನಕಾಯಿ ವಾಸನಿ ಹೊಡಿಯೂದ ಬ್ಯಾಡ."

ಸಿಂಧೂರ ನಕ್ಕಳು. ಇಂದುಧರನೂ ನಕ್ಕ. ನಕ್ಕಮೇಲೆ ಅವನ ಮುಖ ತಪ್ಪು ಮಾಡಿದವನಂತಾಯಿತು.

ಮರುದಿನ ನಸುಕಿನಲ್ಲೇ ಡ್ರಮ್ಮು ತುಂಬಿದ. ದಿನವಿಡೀ ಕಾಯಲಿ ಎಂದು ಮಧ್ಯಾಹ್ನ ಮೂರರವರೆಗೆ ಬಿಟ್ಟೆವು. ಅವ್ವ ಎಣ್ಣೆ ಬೆಚ್ಚಗೆ ಮಾಡಿ ನನ್ನ ನೆತ್ತಿಗೆ, ಬೆನ್ನಿಗೆ, ಕಾಲಿಗೆ ತಿಕ್ಕಿದಳು. ಹಳೆಯ ಸೀರೆ ಸುತ್ತಿಕೊಂಡು ಮಣೆಯ ಮೇಲೆ ಕೂತೆ. ಅವ್ವ ನಲ್ಲಿ ತಿರುಗಿಸಿದಳು.

ನನಗೆ ಉಸಿರು ಕಟ್ಟಿತು. ಬೆನ್ನಿಗೆ ಬಿದ್ದದ್ದು ತಣ್ಣೀರು.

"ಯವ್ವಾ!"

ಅವ್ವ ನಲ್ಲಿ ಮುಚ್ಚಿ ನನ್ನನ್ನು ಟವೆಲ್ಲಿನಲ್ಲಿ ಸುತ್ತಿದಳು. "ಇದೇನ್ರಿ ಅಳಿಯಾರ, ಫ್ರಿಜ್ಜಿನಾಗಿಂದ ಪೈಪ ಎಳದೀರೇನು? ನಡಿ, ನಡಿ ಒಳಗ. ಬಾಣಂತಿಗೆ ತಣ್ಣೀರಾ!"

ಒಳಗೆ ಕಂಬಳಿ ಹೊದ್ದು ಕೂತಾಗ ಕಿಟಕಿಯಿಂದ ಅವನು ಕಂಡ. ಏಣಿ ಹತ್ತಿ ಡ್ರಮ್ಮನ್ನು ಮುಟ್ಟಿ ನೋಡಿದ. ಇಳಿದ. ಮನೆಯ ಸೂರನ್ನು ನೋಡಿದ, ನೆಲದ ಮೇಲೆ ಬಿದ್ದ ಅದರ ನೆರಳನ್ನು ನೋಡಿದ. ನೆರಳು ಕಂಬಗಳನ್ನು ದಾಟಿ ಬೇಲಿಯವರೆಗೆ ಹೋಗಿತ್ತು.

ಅವನ ಕೆಲಸ ಉಪಗ್ರಹಗಳದು. ಆಕಾಶದಲ್ಲಿ ಯಾವ ತಿಂಗಳು ಯಾವ ಹೊತ್ತಿಗೆ ಸೋಲಾರ್ ಹಲಗೆಗಳ ಮೇಲೆ ಎಷ್ಟು ಬಿಸಿಲು ಬೀಳುತ್ತದೆ ಎಂದು ಲೆಕ್ಕ ಹಾಕುವುದು. ಆದರೆ ಸ್ನಾನದ ಜಾಗ ಗುರುತಿಸುವಾಗ ಅವನು ನೋಡಿದ್ದು, ಗುಡ್ಡದ ಮೇಲಿನ ಮನೆಗಳ ಕಿಟಕಿಗೆ ಕಾಣದ ಕಡೆ ಯಾವುದು ಎಂದು ಮಾತ್ರ. ಅದು ಮನೆಯ ಉತ್ತರಕ್ಕೆ. ಜೂನ್‌ನಲ್ಲಿ ಸೂರ್ಯ ನಮ್ಮೂರಿನಲ್ಲಿ ಇದ್ದಂತೆ ನೆತ್ತಿಯ ಮೇಲಿದ್ದ, ಉತ್ತರಕ್ಕೂ ಬಿಸಿಲಿತ್ತು. ನಾವಿಬ್ಬರೂ ಬೆಳೆದದ್ದು ಅಂಥ ಬಿಸಿಲಲ್ಲೇ. ಮನೆಯ ಯಾವ ಬದಿಗೆ ಬಟ್ಟೆ ಹರವಿದರೂ ಒಣಗುವ ಊರುಗಳಲ್ಲಿ. ಇಲ್ಲಿ ಅಕ್ಟೋಬರಿಗೆ ಸೂರ್ಯ ದಕ್ಷಿಣಕ್ಕೆ ಸರಿದು, ಮಾಳಿಗೆಯ ಹಿಂದೆ ಮರೆಯಾಗಿದ್ದ.

ಕಂಬಳಿಯಲ್ಲೇ ಹೊರಗೆ ಹೋದೆ. ಇಂದುಧರ ತಗ್ಗಿನ ಹಲಗೆಯ ಮೇಲೆ ಕೂತಿದ್ದ.

"ಜೂನ್‌ನಲ್ಲಿ ಇಲ್ಲಿ ಬಿಸಿಲಿತ್ತು, ಸೌಜನ್ಯಾ," ಎಂದ. "ನಾನೇ ನಿಂತು ನೋಡಿದ್ದೆ."

"ಇತ್ತು. ನಾನೂ ನೋಡಿದೀನಿ."

"ಇಷ್ಟೂ ಹೊಳೀಲಿಲ್ಲ ನಂಗೆ. ದಿನಾ ಮಾಡೋ ಕೆಲ್ಸ ಇದು."

ಅವನು ಡ್ರಮ್ಮಿನ ಬಗ್ಗೆಯೇ ಮಾತಾಡುತ್ತಿದ್ದಾನೆ ಎಂದು ನನಗನ್ನಿಸಲಿಲ್ಲ. ನಾನು ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವನು ಮತ್ತು ಅರವಿಂದ ಇಬ್ಬರೇ ಹೋಗಿ ಮಗುವನ್ನು ಮಣ್ಣು ಮಾಡಿ ಬಂದಿದ್ದರು. ಅಲ್ಲಿ ನಡೆದದ್ದನ್ನು ಅವನು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಪಕ್ಕದಲ್ಲಿ ಕೂತೆ. ಹಲಗೆ ಇಬ್ಬರಿಗೆ ಸಾಲದಷ್ಟು ಕಿರಿದಾಗಿತ್ತು. ಅವನು ಅತ್ತ. ಸೆಪ್ಟೆಂಬರಿನಿಂದ ಅವನು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬಾಗಿಲಲ್ಲಿ ಸಿಂಧೂರ ನಿಂತಿದ್ದಳು. ಈಗ ಕೇಳುತ್ತಾಳೆ ಎಂದುಕೊಂಡೆ. ಅವಳು ಬಂದು ಅಪ್ಪನ ಮೊಣಕಾಲು ಮುಟ್ಟಿ, "ವಿ ಕ್ಯಾನ್ ಮೂವ್ ಇಟ್," ಎಂದಳು, ಅಷ್ಟೇ.

ಮುಂದಿನ ವಾರವೆಲ್ಲ ಅವನು ಆಫೀಸಿನಿಂದ ಬೇಗ ಬಂದು ಒಂದೊಂದೇ ಕಂಬ ಕಿತ್ತ. ಮನೆಯ ದಕ್ಷಿಣಕ್ಕೆ, ಅಡುಗೆಮನೆಯ ಆಚೆ ಬದಿಯ ಬಾಗಿಲ ಪಕ್ಕದಲ್ಲಿ ಹೊಸದಾಗಿ ಗುಂಡಿ ತೋಡಿದ. ಅಲ್ಲಿ ಮೇಲಿನ ಮನೆಯವರ ಕಿಟಕಿ ನೇರ ಕಾಣುತ್ತದೆ. ಅದಕ್ಕೆ ಮೂರು ಕಡೆ ಹಲಗೆಯ ಮರೆ ಕಟ್ಟಿ, ಮೇಲೆ ಅದೇ ನೀಲಿ ತಾಡಪತ್ರಿಯನ್ನು ಓರೆಯಾಗಿ ಎಳೆದ. ಡ್ರಮ್ಮಿನ ಸುತ್ತ ಯಾರೋ ರಸ್ತೆಬದಿಗಿಟ್ಟಿದ್ದ ಹಳೆಯ ಕಿಟಕಿಯ ಗಾಜು ಜೋಡಿಸಿದ, ಗಾಳಿ ತಾಗಿ ನೀರು ಆರದಂತೆ. ಸಿಂಧೂರ ಹಳೇ ಗುಂಡಿಯಿಂದ ಹೊಸ ಗುಂಡಿಗೆ ತನ್ನ ಆಟದ ಬಕೆಟ್ಟಿನಲ್ಲಿ ಜಲ್ಲಿ ಹೊತ್ತಳು. "ನಿನ್ನ ಮಗಳ ಕೈ ನೋಡು, ಥೇಟ್ ಗೌಂಡಿ ಕೈ ಆಗ್ಯಾವ," ಎಂದು ಅವ್ವ ಊಟದ ಹೊತ್ತಿಗೆ ಅವಳ ಅಂಗೈ ತಿರುಗಿಸಿ ತೋರಿಸುತ್ತಿದ್ದಳು.

ತಗ್ಗಿನ ಹಲಗೆಯನ್ನು ಹೊಸ ಜಾಗದಲ್ಲಿ ಕೂರಿಸಬೇಕೋ ಬೇಡವೋ ಎಂದು ಅವನು ನನ್ನ ಮುಖ ನೋಡಿದ. ನಾನು ಅವ್ವನ ಮುಖ ನೋಡಿದೆ.

"ಕೂಡಸ್ರಿ," ಎಂದಳು ಅವ್ವ. "ನನಗ ನಿಂತು ನಿಂತು ಕಾಲ ನೋಯ್ತಾವ. ಕುಂದ್ರಾಕ ಬೇಕು."

ಕೆಲಸ ಮುಗಿದ ದಿನ ಬೆಳಗಿನಿಂದಲೇ ಮರುಭೂಮಿಯ ಕಡೆಯ ಒಣಗಾಳಿ ಎದ್ದಿತ್ತು. ಮಧ್ಯಾಹ್ನಕ್ಕೆ ಹಿತ್ತಲ ಕಲ್ಲು ಕಾಲಿಡಲಾರದಷ್ಟು ಕಾದಿತ್ತು. ಅವ್ವ ನಲ್ಲಿಯನ್ನು ಚೂರು ತಿರುಗಿಸಿ ಬೆರಳೊಡ್ಡಿ, ಫಕ್ಕನೆ ಹಿಂದೆಳೆದಳು.

"ಹಾಂ! ಈಗ ನೀರಂದ್ರ ನೀರು. ಅಳಿಯಾರ, ಇನ್ನೊಂದ ಕೊಡ ತಣ್ಣೀರ ಬಿಡ್ರಿ, ಇಲ್ಲಂದ್ರ ಈಕಿ ಕುದ್ದ ಹೋಗ್ತಾಳ!"

ಮರೆಯಾಚೆ ಏಣಿಯ ಮೇಲಿದ್ದ ಇಂದುಧರ ಹೋಸ್ ಹಿಡಿದು ಡ್ರಮ್ಮಿಗೆ ನೀರು ಬಿಟ್ಟ. ಅವನು ಕಾಣುತ್ತಿರಲಿಲ್ಲ, ಡ್ರಮ್ಮಿನೊಳಗೆ ನೀರು ಬೀಳುವ ಸದ್ದು ಮಾತ್ರ.

ಮಣೆಯ ಮೇಲೆ ಕೂತು ತಲೆ ಬಗ್ಗಿಸಿದೆ. ಅವ್ವ ತಗ್ಗಿನ ಹಲಗೆಯ ಮೇಲೆ ಕೂತು ಕಾಲು ಚಾಚಿದಳು. ಅಲ್ಲಿಂದ ನಲ್ಲಿ ಎಟುಕಲಿಲ್ಲ. "ಸಿಂಧೂ! ಬಾ ಇಲ್ಲಿ. ನಾ ಅಂದಾಗ ತಿರುವು, ನಾ ಅಂದಾಗ ಮುಚ್ಚು." ಹೊರಗೆ ಟವೆಲ್ ಹಿಡಿದು ನಿಂತಿದ್ದ ಸಿಂಧೂರ ಒಳಗೆ ಬಂದಳು. ಎರಡೂ ಕೈಯಿಂದ ಹಿಡಿ ತಿರುಗಿಸಿದಳು.

ನೀರು ಬೆನ್ನಿಗೆ ಬಿತ್ತು. ಬಿಸಿ, ಭಾರ. ಕತ್ತಿನಿಂದ ನಡುವಿನವರೆಗೆ ಯಾರೋ ಅಂಗೈಯಿಂದ ಒತ್ತಿದಂತೆ. ಇಷ್ಟು ದಿನ ಬಿಗಿಹಿಡಿದಿದ್ದ ಭುಜ ತಾನಾಗಿ ಇಳಿಯಿತು. ಅವ್ವ ಕಡಲೆಹಿಟ್ಟು ಹಚ್ಚಿ ಉಜ್ಜಿದಳು. ಆಮೇಲೆ ಎಡಗೈಯನ್ನು ನನ್ನ ಹೊಟ್ಟೆಯ ಮೇಲಿಟ್ಟು, ಮೇಲಿನಿಂದ ಕೆಳಕ್ಕೆ ಒತ್ತುತ್ತ ಬಂದಳು. ಸಡಿಲವಾಗಿ ಜೋತುಬಿದ್ದಿದ್ದ ಹೊಟ್ಟೆ. ಅದನ್ನು ನಾನು ಬಟ್ಟೆಯೊಳಗೆ ಮರೆಸಿಟ್ಟಿದ್ದೆ, ನೋಡಿಕೊಂಡಿರಲಿಲ್ಲ. ಅವ್ವ ಮಾತ್ರ ಹೆತ್ತ ಯಾವ ಹೊಟ್ಟೆಯನ್ನಾದರೂ ಒತ್ತುವಂತೆ ಒತ್ತಿದಳು, ಅವಸರವಿಲ್ಲದೆ.

"ಮುಚ್ಚು ನಮ್ಮವ್ವ."

ಸಿಂಧೂರ ಮುಚ್ಚಿದಳು. ನನ್ನ ಹೊಟ್ಟೆಯನ್ನೇ ನೋಡುತ್ತಿದ್ದಳು. ಸೀರೆ ಎಳೆದುಕೊಳ್ಳಬೇಕೆನಿಸಿತು, ಎಳೆದುಕೊಳ್ಳಲಿಲ್ಲ.

"ಅಜ್ಜಿ, ನೋವಾಗ್ತದಾ ಅಮ್ಮಂಗೆ?" ಎಂದಳು. ಅಜ್ಜಿಯೊಂದಿಗೆ ಮಾತ್ರ ಅವಳು ಕನ್ನಡದಲ್ಲಿ ಮಾತಾಡುತ್ತಿದ್ದಳು, ಒಂದೊಂದೇ ಪದ ಹುಡುಕಿ.

"ಇಲ್ಲ, ಹಿತ ಆಗ್ತೈತಿ. ನೀ ಹುಟ್ಟಿದಾಗೂ ಹಿಂಗ ಎರದಿದ್ದೆ ನಿಮ್ಮವ್ವಗ. ನಿನಗೂ."

"ನಂಗೆ?"

"ಹೂಂ ಮತ್ತ. ಇಲ್ಲಿ, ಹಿಂಗ, ಈ ಕಾಲ ಮ್ಯಾಲ ಬೋರಲ ಹಾಕ್ಕೊಂಡು. ಏನ್ ಅಳತಿದ್ದಿ ಅಂತೀ! ಪೊಲೀಸರು ಬರ್ತಾರಂತ ನಿಮ್ಮಪ್ಪ ಕಿಟಕಿ ಮುಚ್ಚತಿದ್ದ."

ಮರೆಯಾಚೆಯಿಂದ ಇಂದುಧರ, "ನಿಜ ಕಣೋ ಪುಟ್ಟ, ಮುಚ್ತಿದ್ದೆ," ಎಂದ.

ಸಿಂಧೂರ ಅಜ್ಜಿಯ ಚಾಚಿದ ಕಾಲುಗಳನ್ನು ನೋಡಿದಳು. "ಅಮ್ಮ ಬೇಬಿ ಇದ್ದಾಗ?"

"ಆಕಿಗೆ ನಮ್ಮವ್ವ ಎರದ್ಲು. ಗದಗಿನ ಮನ್ಯಾಗ. ನಾ ಹುಟ್ಟಿದಾಗ ನನಗ ನಮ್ಮಜ್ಜಿ. ಹುಟ್ಟಿದ ಕೂಸಿಗೆಲ್ಲಾ ಯಾರರೆ ಒಬ್ಬರು ನೀರ ಹಾಕೇ ಹಾಕ್ತಾರ. ತಿರುವು ಈಗ."

ಅವಳು ತಿರುಗಿಸಲಿಲ್ಲ. ಹಿಡಿಯ ಮೇಲೆ ಎರಡೂ ಕೈ ಹಾಗೇ ಇದ್ದವು. ನಲ್ಲಿಯ ಬಾಯಿಂದ ಹನಿಗಳು ಹಲಗೆಯ ಸಂದಿಗೆ ಬಿದ್ದು ಜಲ್ಲಿಯೊಳಗೆ ಇಳಿಯುತ್ತಿದ್ದವು. ನಾನು ಮುಖದ ಮೇಲಿನ ಕೂದಲು ಸರಿಸಿ ಅವಳ ಕಡೆ ನೋಡಿದೆ. ಅವಳು ಅಜ್ಜಿಯನ್ನಲ್ಲ, ನನ್ನನ್ನು ನೋಡುತ್ತಿದ್ದಳು. ಆಚೆ ಡ್ರಮ್ಮಿಗೆ ಬೀಳುತ್ತಿದ್ದ ನೀರಿನ ಸದ್ದು ನಿಂತುಹೋಗಿತ್ತು.

"ಅಮ್ಮಾ," ಎಂದಳು ಸಿಂಧೂರ, "ನಮ್ಮ ಪಾಪುಗೆ ಯಾರು ನೀರು ಹಾಕಿದ್ರು?"